ಕರಾವಳಿಯ ಮ್ಯೂಸಿಯಂ, ಬಸದಿ, ಕೋಟೆ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಳ್ಳಾಲದಿಂದ ಕಾರವಾರದವರೆಗೆ ನಮ್ಮ ಕರಾವಳಿಗೆ ಬರುವವರಲ್ಲಿ ಹೆಚ್ಚಿನವರು ಬೀಚು, ದೇವಸ್ಥಾನ, ಮೀನೂಟ ಇಷ್ಟರಲ್ಲೇ ಪ್ರವಾಸ ಮುಗಿಸುತ್ತಾರೆ. ಮ್ಯೂಸಿಯಂ, ಬಸದಿ, ಕೋಟೆಗಳ ಪಕ್ಕದಲ್ಲೇ ಬಸ್ಸು ಹಾದುಹೋಗುತ್ತದೆ, ಇಳಿಯುವವರು ಕಡಿಮೆ. ಇಳಿಯಬೇಕು ಅನ್ನುವುದು ನನ್ನ ಆಸೆ. ಹಾಗೆ ಮನಸ್ಸು ಮಾಡಿದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಎರಡೇ ದಿನ ರಜೆ ಇದೆ. ಏನೇನು ನೋಡಬಹುದು?

ಇಡೀ ಕರಾವಳಿ ನೋಡುವ ಆಸೆ ಬಿಡಿ. ಒಂದು ದಿನ ಮಂಗಳೂರು ಪೇಟೆಗೆ ಕೊಡಿ, ಇನ್ನೊಂದು ದಿನ ಮೂಡುಬಿದಿರೆ ಮತ್ತು ಕಾರ್ಕಳಕ್ಕೆ. ಮಂಗಳೂರಿನಿಂದ ಮೂಡುಬಿದಿರೆಗೆ ಸುಮಾರು 35 ಕಿಲೋಮೀಟರ್, ಅಲ್ಲಿಂದ ಕಾರ್ಕಳಕ್ಕೆ 18. ದೂರ ಕಡಿಮೆ, ಆದರೆ ನೋಡುವುದು ತುಂಬಾ ಇದೆ. ಮೂರನೇ ದಿನ ಸಿಕ್ಕರೆ ಉಡುಪಿ, ಮಣಿಪಾಲ. ಉತ್ತರ ಕನ್ನಡವನ್ನು ಬೇರೆಯೇ ಪ್ರವಾಸವಾಗಿ ಇಟ್ಟುಕೊಳ್ಳಿ. ಅದನ್ನು ಇದಕ್ಕೆ ಸೇರಿಸಿದರೆ ಹೆದ್ದಾರಿ ಮಾತ್ರ ನೋಡಿದ ಹಾಗಾಗುತ್ತದೆ.

ದಿನಕ್ಕೆ ಎರಡು ಅಥವಾ ಮೂರು ಜಾಗ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿನ ಹಳೆಯ ಜಾಗಗಳಲ್ಲಿ ಫಲಕ ಕಡಿಮೆ. ಇದ್ದರೂ ನಾಲ್ಕು ಸಾಲು. ಉಳಿದದ್ದು ಅಲ್ಲಿನ ಅರ್ಚಕರು, ಕಾವಲುಗಾರರು, ಪಕ್ಕದ ಅಂಗಡಿಯವರು ಹೇಳಬೇಕು. ಅವರು ಹೇಳಬೇಕಾದರೆ ನಿಮಗೆ ಅವಸರ ಇರಬಾರದು.

ಯಾವ ತಿಂಗಳಲ್ಲಿ ಬರುವುದು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ ಆರಾಮ. ಮಾರ್ಚ್ ಬಂತೆಂದರೆ ಸೆಕೆ ಶುರು, ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನ ಹೊರಗೆ ಓಡಾಡುವುದು ಕಷ್ಟ. ಕರಾವಳಿಯ ಸೆಕೆ ಬಯಲುಸೀಮೆಯ ಬಿಸಿಲಿನಂತಲ್ಲ. ನೆರಳಿನಲ್ಲಿ ನಿಂತರೂ ಬೆವರು ನಿಲ್ಲುವುದಿಲ್ಲ.

ಮಳೆಗಾಲವನ್ನು ಪೂರ್ತಿ ತಳ್ಳಿಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಇರುವುದಿಲ್ಲ. ಮುರಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ ಹಿಡಿದು ಕಾಲು ಜಾರುತ್ತದೆ. ಕಾಡಿನ ಕಡೆ ಉಂಬಳ ಕಾಟ. ಆದರೆ ಬಸದಿಯ ಇಳಿಜಾರು ಕಲ್ಲಿನ ಮಾಡು (ಚಾವಣಿ) ಯಾಕೆ ಹಾಗಿದೆ, ಗುತ್ತಿನ ಮನೆಯ, ಅಂದರೆ ತುಳುನಾಡಿನ ಹಳೆಯ ಜಮೀನ್ದಾರರ ಮನೆಯ, ಚಾವಡಿ ಯಾಕೆ ಅಷ್ಟು ಆಳ, ಅಂಗಳ ಯಾಕೆ ನಡುವಿನಲ್ಲಿದೆ, ಇದೆಲ್ಲ ಜುಲೈ ತಿಂಗಳ ಮಳೆಯಲ್ಲಿ ನಿಂತಾಗಲೇ ಅರ್ಥವಾಗುವುದು. ಈ ಕಟ್ಟಡಗಳೆಲ್ಲ ಮಳೆಗೆಂದೇ ಕಟ್ಟಿದವು.

ಸೋಮವಾರ ಬಂದರೆ ಎಲ್ಲ ಮುಚ್ಚಿರುತ್ತದಾ?

ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಮಂಗಳೂರಿನ ಬೆಜೈ ಮ್ಯೂಸಿಯಂಗೂ ಪಿಲಿಕುಳದ ಪ್ರಾಣಿ ಸಂಗ್ರಹಾಲಯಕ್ಕೂ ಇದೇ ಲೆಕ್ಕ. ಬಸದಿ, ಚರ್ಚು, ದೇವಸ್ಥಾನಕ್ಕೆ ಆ ಕಟ್ಟಿಲ್ಲ. ಹಾಗಾಗಿ ಸೋಮವಾರವನ್ನು ಮೂಡುಬಿದಿರೆಗೋ ಕಾರ್ಕಳಕ್ಕೋ ಇಡಿ. ದೇವಸ್ಥಾನಗಳು ಮಾತ್ರ ಮಧ್ಯಾಹ್ನದ ಪೂಜೆ ಆದ ಮೇಲೆ ಬಾಗಿಲು ಹಾಕಿ ಸಂಜೆ ತೆಗೆಯುತ್ತವೆ. ಚಿಕ್ಕ ಬಸದಿಗಳಲ್ಲಿ ಬೀಗದ ಕೀಲಿ ಪಕ್ಕದ ಮನೆಯ ಇಂದ್ರರ ಹತ್ತಿರ ಇರುತ್ತದೆ. ಇಂದ್ರರು ಅಂದರೆ ಬಸದಿಯ ಅರ್ಚಕರು. ಅವರು ಊಟಕ್ಕೆ ಕೂತ ಹೊತ್ತಿನಲ್ಲಿ ಬಾಗಿಲು ಬಡಿಯಬೇಡಿ.

ಖಾಸಗಿ ಸಂಗ್ರಹಾಲಯಗಳ ಸಮಯ, ಟಿಕೆಟ್ ದರ ಆಗಾಗ ಬದಲಾಗುತ್ತದೆ. ಹೊರಡುವ ಮೊದಲು ಒಂದು ಫೋನ್ ಮಾಡಿಬಿಡಿ.

ಬೆಜೈ ಮ್ಯೂಸಿಯಂ ಚಿಕ್ಕದಂತೆ. ಹೋಗಬೇಕಾ?

ಹೋಗಿ. ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ಅದರ ಪೂರ್ತಿ ಹೆಸರು. ಕಟ್ಟಡವೇ ಹಡಗಿನ ಆಕಾರದಲ್ಲಿದೆ. ಕರ್ನಲ್ ವಿ. ಆರ್. ಮಿರಾಜ್ಕರ್ ಎಂಬ ವೈದ್ಯರು 1939ರಲ್ಲಿ ಕಟ್ಟಿಸಿದ ಮನೆ ಇದು. ಅವರು ತಾಯಿಯ ಹೆಸರಿನಲ್ಲಿ ಇದನ್ನು 1955ರಲ್ಲಿ ಸರ್ಕಾರಕ್ಕೆ ಕೊಟ್ಟರು, 1960ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಒಳಗೆ ಶಿಲ್ಪ, ನಾಣ್ಯ, ಆಯುಧ, ಮರದ ಕೆತ್ತನೆ, ಪಿಂಗಾಣಿ ಎಲ್ಲ ಸ್ವಲ್ಪ ಸ್ವಲ್ಪ ಇದೆ. ದೊಡ್ಡ ಊರಿನ ಮ್ಯೂಸಿಯಂಗಳ ಜೊತೆ ಹೋಲಿಸಲು ಹೋಗಬೇಡಿ. ಒಬ್ಬ ಮನುಷ್ಯ ತನ್ನ ಮನೆಯನ್ನೇ ಊರಿಗೆ ಬಿಟ್ಟುಕೊಟ್ಟಿದ್ದಾನೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿ. ಒಂದು ಗಂಟೆ ಸಾಕು. ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣವೂ ಬೆಜೈ ಕಡೆಗೇ ಇದೆ, ಬಸ್ಸಿಗೆ ಸಮಯ ಇದ್ದರೆ ನೋಡಿಕೊಂಡು ಬರಬಹುದು.

ಇಂಥ ಸಣ್ಣ ಮ್ಯೂಸಿಯಂಗಳ ಸಂದರ್ಶಕರ ಪುಸ್ತಕದಲ್ಲಿ ಎರಡು ಸಾಲು ಬರೆದು ಬನ್ನಿ. ಜನ ಬರುತ್ತಾರೆ ಅಂತ ತೋರಿಸಲು ಅವರಿಗೆ ಅದೇ ದಾಖಲೆ.

ಮಂಗಳೂರಿನಲ್ಲಿ ಒಂದೇ ಒಂದು ಜಾಗ ನೋಡಬಹುದು ಅಂದರೆ ಯಾವುದು?

ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್. ಯೋಚಿಸದೆ ಹೇಳುತ್ತೇನೆ.

ಇಟಲಿಯ ಬೆರ್ಗಾಮೊ ಹತ್ತಿರದ ಸ್ಟೆಜ್ಜಾನೊ ಎಂಬ ಊರಿನವರು ಅಂತೋನಿಯೊ ಮೊಸ್ಕೇನಿ. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಬ್ರದರ್ ಆಗಿ ಮಂಗಳೂರಿಗೆ ಬಂದು, 1899ರಿಂದ 1901ರ ನಡುವೆ ಈ ಚಾಪೆಲ್‌ನ ಗೋಡೆ, ಮಾಡು ಎಲ್ಲವನ್ನೂ ಚಿತ್ರಗಳಿಂದ ತುಂಬಿಸಿದರು. ಗೋಡೆಯ ಚಿತ್ರಗಳು ಫ್ರೆಸ್ಕೊ. ಅಂದರೆ ಗೋಡೆಗೆ ಬಳಿದ ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುವಾಗ ಬಣ್ಣ ಅದರೊಳಗೇ ಸೇರಿಬಿಡುತ್ತದೆ. ಹಾಗಾಗಿ ಆ ದಿನ ಮುಗಿಸಬಹುದಾದಷ್ಟಕ್ಕೆ ಮಾತ್ರ ಗಾರೆ ಹಾಕುವುದು. ಮಂಗಳೂರಿನ ತೇವದ ಗಾಳಿಯಲ್ಲಿ ಈ ಕೆಲಸ ಎಷ್ಟು ಕಷ್ಟ ಅಂತ ಗೋಡೆಗೆ ಸುಣ್ಣ ಹೊಡೆಸಿದ ಯಾರಿಗಾದರೂ ಗೊತ್ತಾಗುತ್ತದೆ. ಮೇಲಿನ ಮಾಡಿನಲ್ಲಿರುವವು ಕ್ಯಾನ್ವಾಸ್ ಮೇಲಿನ ತೈಲಚಿತ್ರಗಳು, ಸಂತ ಅಲೋಶಿಯಸ್ ಗೊಂಜಾಗನ ಜೀವನದ ಕಥೆ. ಮೊಸ್ಕೇನಿ ಮತ್ತೆ ಊರಿಗೆ ಹೋಗಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. 1990ರ ದಶಕದಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯವರು ಚಿತ್ರಗಳನ್ನು ಶುಚಿಗೊಳಿಸಿ ದುರಸ್ತಿ ಮಾಡಿದರು.

ಮೊದಲು ಒಂದು ಬೆಂಚಿನ ಮೇಲೆ ಕೂತುಕೊಳ್ಳಿ. ಕಣ್ಣು ಒಳಗಿನ ಬೆಳಕಿಗೆ ಹೊಂದಿಕೊಳ್ಳಲಿ. ಆಮೇಲೆ ಎದ್ದು ಗೋಡೆಯುದ್ದಕ್ಕೂ ನಡೆಯಿರಿ. ಇದು ಪ್ರಾರ್ಥನೆ ನಡೆಯುವ ಜಾಗ, ಹಾಗಾಗಿ ಮಾತು ಮೆಲ್ಲಗೆ ಇರಲಿ. ಫೋಟೋ ಬಗ್ಗೆ ಬಾಗಿಲಲ್ಲೇ ಕೇಳಿ, ಬೇಡ ಅಂದರೆ ಬೇಡ.

ಚಾಪೆಲ್ ಇರುವ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಆವರಣದಲ್ಲೇ ಅಲೋಶಿಯಂ ಮ್ಯೂಸಿಯಂ ಇದೆ. ಶುರುವಾದದ್ದು 1913ರಲ್ಲಿ. ತಿಮಿಂಗಿಲದ ಅಸ್ಥಿಪಂಜರ, ಖನಿಜ, ನಾಣ್ಯ, ಹಳೆಯ ಯಂತ್ರಗಳು ಇವೆ. ಮಂಗಳೂರಿಗೆ 1906ರಲ್ಲಿ ಬಂದ ಮೊದಲ ಕಾರು, ಫ್ರಾನ್ಸಿನ ದ ದಿಯೋನ್, ಅದೂ ಇಲ್ಲೇ ಇದೆ. ಮಕ್ಕಳು ಇಲ್ಲಿಂದ ಹೊರಡಲು ಒಪ್ಪುವುದಿಲ್ಲ.

ಮಕ್ಕಳಿಗೆ ಬೇಸರ ಬರದ ಜಾಗ ಹೇಳಿ.

ಪಿಲಿಕುಳ. ತುಳುವಿನಲ್ಲಿ ಹುಲಿಗಳು ನೀರಿಗೆ ಬರುತ್ತಿದ್ದ ಕೊಳ ಅಂತ ಹೆಸರು. ಪ್ರಾಣಿ ಸಂಗ್ರಹಾಲಯ, ವಿಜ್ಞಾನ ಕೇಂದ್ರ, 3ಡಿ ತಾರಾಲಯ ಎಲ್ಲ ಒಂದೇ ಕಡೆ ಇದ್ದರೂ ನನಗೆ ಹೆಚ್ಚು ಇಷ್ಟ ಅಲ್ಲಿನ ಕರಕುಶಲ ಗ್ರಾಮ ಮತ್ತು ಗುತ್ತಿನ ಮನೆ. ಕುಂಬಾರಿಕೆ, ನೇಯ್ಗೆ, ಬೆತ್ತದ ಕೆಲಸ, ಎಣ್ಣೆ ಗಾಣ, ಅವಲಕ್ಕಿ ಕುಟ್ಟುವುದು ಇವೆಲ್ಲ ಅಲ್ಲಿ ನೋಡಬಹುದು. ಗುತ್ತಿನ ಮನೆಯಲ್ಲಿ ಮಕ್ಕಳಿಗೆ ಪಡಸಾಲೆ, ಕಂಬದ ಕೆತ್ತನೆ, ಭತ್ತದ ಕಣಜ ತೋರಿಸಿ. ಅಜ್ಜಿಯ ಮನೆ ಹೀಗಿತ್ತು ಅಂತ ಹೇಳಬಲ್ಲವರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಆವರಣ ದೊಡ್ಡದು, ಅರ್ಧ ದಿನವಾದರೂ ಬೇಕು. ನೀರು, ಟೋಪಿ ಇರಲಿ.

ಮಣಿಪಾಲದ ಅಂಗರಚನಾ ಮ್ಯೂಸಿಯಂ ಬಗ್ಗೆಯೂ ಕೇಳುತ್ತಾರೆ. ವೈದ್ಯಕೀಯ ಕಾಲೇಜಿನವರದು, ಸಾರ್ವಜನಿಕರಿಗೂ ತೆರೆದಿದೆ, ಸಾವಿರಾರು ಮಾದರಿಗಳಿವೆ. ಹೈಸ್ಕೂಲು ಮಕ್ಕಳಿಗೆ ಅದ್ಭುತ. ತೀರಾ ಸಣ್ಣವರನ್ನು ಕರೆದುಕೊಂಡು ಹೋಗುವ ಮೊದಲು ಯೋಚಿಸಿ, ಅಲ್ಲಿರುವುದು ನಿಜವಾದ ಮನುಷ್ಯರ ಅಂಗಾಂಗಗಳು. ತಮ್ಮ ದೇಹವನ್ನು ಕಲಿಕೆಗೆ ಕೊಟ್ಟವರ ಮುಂದೆ ನಿಂತಿದ್ದೇವೆ ಅಂತ ಮಕ್ಕಳಿಗೆ ಮೊದಲೇ ಹೇಳಿ.

ಸುಲ್ತಾನ್ ಬತ್ತೇರಿ ನೋಡುವಂಥದ್ದಾ?

ಹದಿನೈದು ನಿಮಿಷದ ಜಾಗ. ಗುರುಪುರ ನದಿಗೆ ಯುದ್ಧನೌಕೆ ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು. ಕೆಳಗೆ ಮದ್ದು ಇಡುತ್ತಿದ್ದ ನೆಲಮಾಳಿಗೆ ಇದೆ. ಸಂಜೆ ಹೋಗಿ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ನಿಜಕ್ಕೂ ಸಾವಿರ ಕಂಬ ಇದೆಯಾ? ಜೈನರಲ್ಲದವರು ಒಳಗೆ ಹೋಗಬಹುದಾ?

ಹೋಗಬಹುದು. ಎಲ್ಲರೂ ಹೋಗುತ್ತಾರೆ. ಚಪ್ಪಲಿ ಹೊರಗೆ ಬಿಡಿ, ಚರ್ಮದ ವಸ್ತು ಒಳಗೆ ಬೇಡ, ಗರ್ಭಗುಡಿಯ ಹತ್ತಿರ ಅರ್ಚಕರು ಹೇಳಿದಲ್ಲಿ ನಿಲ್ಲಿ.

ಕಂಬ ಎಣಿಸುವುದನ್ನು ಬಿಟ್ಟು ಕಂಬ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಒಂದರ ಹಾಗೆ ಇನ್ನೊಂದಿಲ್ಲ ಅನ್ನುವುದು ಇಲ್ಲಿನ ಹೆಮ್ಮೆ. ತ್ರಿಭುವನ ತಿಲಕ ಚೂಡಾಮಣಿ ಬಸದಿ ಅಂತ ಇದರ ಹೆಸರು, ಕಟ್ಟಿದ್ದು 1430ರಲ್ಲಿ. ಒಳಗೆ ಚಂದ್ರನಾಥ ತೀರ್ಥಂಕರರ ಎತ್ತರದ ಲೋಹದ ಬಿಂಬ. ಹೊರಗಿನಿಂದ ನೋಡಿದರೆ ಮಾಡಿನ ಮೇಲೆ ಮಾಡು, ಮೂರು ಅಂತಸ್ತು. ಕೆಳಗೆ ಕಲ್ಲು, ಮೇಲೆ ಮರ. ಇದು ದ್ರಾವಿಡ ಶೈಲಿಯ ಗೋಪುರ ಅಲ್ಲ. ನಮ್ಮ ಮಳೆಗೆ, ನಮ್ಮ ಬಡಗಿಗಳು ಕಂಡುಕೊಂಡ ದಾರಿ. ಪೀಠದ ಕೆತ್ತನೆಗಳಲ್ಲಿ ಜಿರಾಫೆ ಮತ್ತು ಚೀನಾದ ಡ್ರ್ಯಾಗನ್ ಹುಡುಕಿ. ಕಡಲ ವ್ಯಾಪಾರ ಎಲ್ಲಿಯವರೆಗೆ ಹರಡಿತ್ತು ಅನ್ನುವುದು ಅಲ್ಲಿ ಕಾಣುತ್ತದೆ.

ಆದರೆ ಸಾವಿರ ಕಂಬ ನೋಡಿ ವಾಪಸ್ ಹೋಗುವುದು ಮೂಡುಬಿದಿರೆಗೆ ಮಾಡುವ ಅನ್ಯಾಯ. ಊರಿನಲ್ಲಿ 18 ಬಸದಿಗಳಿವೆ. ಗುರು ಬಸದಿಗೆ ತಪ್ಪದೆ ಹೋಗಿ. ಧವಳ ಗ್ರಂಥಗಳ ತಾಳೆಗರಿಗಳು ನೂರಾರು ವರ್ಷ ಉಳಿದದ್ದು ಇಲ್ಲಿ. ದಿಗಂಬರ ಜೈನರ ಮೂಲ ಗ್ರಂಥ ಷಟ್ಖಂಡಾಗಮಕ್ಕೆ ಬರೆದ ಟೀಕೆ, ಅಂದರೆ ವ್ಯಾಖ್ಯಾನ, ಅದು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. 12ನೇ ಶತಮಾನದ ಈ ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ದೇಶದ ಬೇರೆಲ್ಲೂ ಈ ಗ್ರಂಥದ ಹಳೆಯ ಪ್ರತಿ ಉಳಿದಿರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಶುರುವಾಗಿ, 1939ರಿಂದ ಸಂಪುಟಗಳು ಅಚ್ಚಾದವು. ಒಂದು ಸಣ್ಣ ಊರು ಒಂದು ಧರ್ಮದ ಮೂಲ ಗ್ರಂಥವನ್ನೇ ಕಾಪಾಡಿಕೊಟ್ಟಿತು. ಮೂಲ ಗರಿಗಳನ್ನು ಬಂದವರಿಗೆಲ್ಲ ತೆಗೆದು ತೋರಿಸಲು ಆಗುವುದಿಲ್ಲ, ಹಾಗೆ ಕೇಳುವುದೂ ಸರಿಯಲ್ಲ.

ಹತ್ತಿರದಲ್ಲೇ ಚೌಟ ಅರಸರ ಅರಮನೆ ಇದೆ. ಅರಮನೆ ಅಂದರೆ ಮೈಸೂರಿನದ್ದನ್ನು ನೆನಪಿಸಿಕೊಳ್ಳಬೇಡಿ. ಹೆಂಚಿನ ಮಾಡಿನ ದೊಡ್ಡ ಮನೆ. ಅಲ್ಲಿನ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರಿ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗ ಇವೆ. ಮನೆಯವರು ಅಲ್ಲೇ ವಾಸ ಇದ್ದಾರೆ, ಕೇಳಿ ಒಳಗೆ ಹೋಗಿ.

ಕಾರ್ಕಳ, ವೇಣೂರು, ಧರ್ಮಸ್ಥಳ ಮೂರೂ ಕಡೆ ಬಾಹುಬಲಿ ಇದ್ದಾನೆ. ಒಂದು ನೋಡಿದರೆ ಸಾಲದಾ?

ಸಮಯ ಇಲ್ಲದಿದ್ದರೆ ಕಾರ್ಕಳ ನೋಡಿ. ಸುಮಾರು 42 ಅಡಿ ಎತ್ತರದ ಏಕಶಿಲಾ ಮೂರ್ತಿ, 1432ರಲ್ಲಿ ವೀರ ಪಾಂಡ್ಯ ಭೈರರಸ ನಿಲ್ಲಿಸಿದ್ದು. ವೇಣೂರಿನದ್ದು 1604ರದ್ದು, ಅಜಿಲ ಅರಸರ ಕಾಲ. ಫಲ್ಗುಣಿ ನದಿಯ ಪಕ್ಕದಲ್ಲಿ, ಕಾರ್ಕಳದ್ದಕ್ಕಿಂತ ಸಣ್ಣದು, ಜನ ಕಡಿಮೆ. ಧರ್ಮಸ್ಥಳದ್ದು ನಮ್ಮ ಕಾಲದ್ದು, ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈ ಅವರು ಕೆತ್ತಿದ 39 ಅಡಿಯ ಮೂರ್ತಿ. ಐನೂರು ವರ್ಷ ಕಳೆದರೂ ಅದೇ ಊರಿನಲ್ಲಿ ಉಳಿ ನಿಂತಿಲ್ಲ ಅನ್ನುವುದು ನನಗೆ ದೊಡ್ಡ ಸಂಗತಿ. ಅದಕ್ಕೇ ಸಾಧ್ಯವಾದರೆ ಮೂರನ್ನೂ ನೋಡಿ ಅನ್ನುತ್ತೇನೆ. ಧರ್ಮಸ್ಥಳಕ್ಕೆ ಹೋದವರು ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಹಳೆಯ ಕಾರುಗಳ ಸಂಗ್ರಹವೂ ಅಲ್ಲಿದೆ.

ಕಾರ್ಕಳದ ಬಂಡೆ ಬೆಟ್ಟಕ್ಕೆ ಬೆಳಗ್ಗೆ ಬೇಗ ಹೋಗಿ, ಇಲ್ಲವೇ ನಾಲ್ಕು ಗಂಟೆಯ ನಂತರ. ಮಧ್ಯಾಹ್ನ ಬರಿಗಾಲಲ್ಲಿ ಆ ಕಲ್ಲಿನ ಮೇಲೆ ನಿಲ್ಲಲು ಆಗುವುದಿಲ್ಲ. ಎದುರಿಗಿರುವ ಚತುರ್ಮುಖ ಬಸದಿಯನ್ನು ಬಿಡಬೇಡಿ. 1586ರದ್ದು, 108 ಕಂಬ, ಪೂರ್ತಿ ಕಲ್ಲು. ನಾಲ್ಕು ದಿಕ್ಕಿನಿಂದಲೂ ಒಂದೇ ರೀತಿ ಕಾಣುತ್ತದೆ, ಪ್ರತಿ ಬಾಗಿಲಿಗೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಬಿಂಬಗಳು. ಮೆಟ್ಟಿಲ ಮೇಲೆ ನಿಂತರೆ ಆಚೆ ಬೆಟ್ಟದಲ್ಲಿ ಗೊಮ್ಮಟ ನೇರ ಕಾಣುತ್ತಾನೆ.

ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ. ಮೂರು ಊರಿಗೂ ಬೇರೆ ಬೇರೆ ವರ್ಷ. ಕಾರ್ಕಳದಲ್ಲಿ 2015ರಲ್ಲಿ, ಧರ್ಮಸ್ಥಳದಲ್ಲಿ 2019ರಲ್ಲಿ, ವೇಣೂರಿನಲ್ಲಿ 2024ರಲ್ಲಿ ಆಗಿತ್ತು. ಆ ದಿನಗಳಲ್ಲಿ ಶಿಲ್ಪ ನೋಡಲು ಆಗುವುದಿಲ್ಲ, ಜನಸಾಗರ. ಉತ್ಸವ ನೋಡಬೇಕೆಂದಿದ್ದರೆ ಮಾತ್ರ ಬನ್ನಿ.

ಹೆಬ್ರಿ ಕಡೆ ಹೋಗುವವರಿಗೆ ಒಂದು ಮಾತು: ವರಂಗದ ಕೆರೆ ಬಸದಿ. ಕೆರೆಯ ನಡುವೆ ಇದೆ, ದೋಣಿಯಲ್ಲೇ ಹೋಗಬೇಕು.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಟಿಕೆಟ್ ದುಬಾರಿ ಅನ್ನುತ್ತಾರೆ. ಅಷ್ಟಿದೆಯಾ?

ಇದೆ. ಅದಕ್ಕಿಂತ ಜಾಸ್ತಿಯೇ ಇದೆ.

ವಿಜಯನಾಥ ಶೆಣೈ ಬ್ಯಾಂಕ್ ಉದ್ಯೋಗಿಯಾಗಿದ್ದವರು. ಹಳೆಯ ಮನೆಗಳನ್ನು ಕೆಡವಿ ಮರವನ್ನು ಮಾರುತ್ತಿದ್ದ ಕಾಲದಲ್ಲಿ ಅವರು ಅವುಗಳ ಹಿಂದೆ ಬಿದ್ದರು. ಮೊದಮೊದಲು ಬಾಗಿಲು, ಕಂಬ, ಪಾತ್ರೆ. ಆಮೇಲೆ ಇಡೀ ಮನೆಗಳು. ಮನೆಯನ್ನು ಬಿಚ್ಚಿ, ತುಂಡು ತುಂಡಿಗೂ ಗುರುತು ಹಾಕಿ, ಮಣಿಪಾಲಕ್ಕೆ ತಂದು, ಮತ್ತೆ ಹಾಗೆಯೇ ನಿಲ್ಲಿಸಿದರು. ಕರಾವಳಿಯ ಮಿಯಾರಿನ ಮನೆ, ಕುಂಜೂರಿನ ಚೌಕಿ ಮನೆ, ಮಂಗಳೂರು ಕ್ರೈಸ್ತರ ಮನೆ ಇವೆ. ಜೊತೆಗೆ ಕುಕನೂರಿನ ಕಮಲ ಮಹಲ್, ದಖನಿ ನವಾಬ್ ಮಹಲ್, ಮುಧೋಳದ ದರ್ಬಾರ್ ಹಾಲ್ ಕೂಡ. ಶೆಣೈ ಅವರು 2017ರಲ್ಲಿ ತೀರಿಕೊಂಡರು. ಅವರು ತಡಮಾಡಿದ್ದರೆ ಇವುಗಳಲ್ಲಿ ಎಷ್ಟೋ ಮನೆಗಳು ಸೌದೆಯಾಗಿರುತ್ತಿದ್ದವು.

ಮನೆಗಳ ನಡುವೆ ಹಳೆಯ ಪೇಟೆಬೀದಿಯಂತೆ ಚಿಕ್ಕ ಚಿಕ್ಕ ಸಂಗ್ರಹಗಳಿವೆ. ಮಾರ್ಗದರ್ಶಿಯ ಜೊತೆಗೇ ನೋಡುವುದು ಒಳ್ಳೆಯದು. ಕಥೆ ಗೊತ್ತಿಲ್ಲದೆ ನೋಡಿದರೆ ಬರೀ ಹಳೆಯ ಮರ. ಒಂದು ಬೆಳಗ್ಗೆ ಪೂರ್ತಿ ಇದಕ್ಕೇ ಇಡಿ. ದೊಡ್ಡ ಬ್ಯಾಗು, ಓಡಾಡುವ ಪುಟ್ಟ ಮಕ್ಕಳು ಇದ್ದರೆ ಮೊದಲೇ ನಿಯಮ ಕೇಳಿಕೊಳ್ಳಿ.

ಉಡುಪಿಯಲ್ಲಿ ಕೃಷ್ಣಮಠ ಬಿಟ್ಟು ಬೇರೆ ಏನಿದೆ?

ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ ಮನೆ ಇದೆ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಬ್ಯಾಂಕ್ ಶುರು ಮಾಡಿದವರು. ಅವರ ಮನೆಯೇ ಈಗ ನಾಣ್ಯಗಳ ಮ್ಯೂಸಿಯಂ. 2020ರಲ್ಲಿ ಆ ಬ್ಯಾಂಕ್ ಯೂನಿಯನ್ ಬ್ಯಾಂಕ್ ಜೊತೆ ವಿಲೀನವಾಯಿತು. ಕರಾವಳಿಯ ಎರಡು ಜಿಲ್ಲೆಗಳು ಇಷ್ಟೊಂದು ಬ್ಯಾಂಕುಗಳನ್ನು ಹುಟ್ಟಿಸಿದ್ದು ಹೇಗೆ ಅಂತ ಕುತೂಹಲ ಇರುವವರು ಇಲ್ಲಿಂದ ಶುರು ಮಾಡಿ.

ಬಾರ್ಕೂರು ಹತ್ತಿರವೇ ಇದೆ. ತುಳುನಾಡನ್ನು ಆಳಿದ ಆಳುಪರ ರಾಜಧಾನಿಯಾಗಿದ್ದ ಊರು. ಕತ್ತಲೆ ಬಸದಿಯ ಆವರಣ, ಹಳೆಯ ದೇವಸ್ಥಾನಗಳು, ಶಾಸನದ ಕಲ್ಲುಗಳು ಊರಿನ ತುಂಬ ಹರಡಿವೆ. ನಡೆದುಕೊಂಡೇ ನೋಡಬೇಕು.

ಸೇಂಟ್ ಮೇರಿಸ್ ದ್ವೀಪವನ್ನು ಪಿಕ್ನಿಕ್ ಜಾಗ ಅಂದುಕೊಂಡಿರುವವರೇ ಜಾಸ್ತಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ಆರಿ, ಬಿರಿದು, ಕಂಬ ಕಂಬವಾಗಿ ನಿಂತ ಕಲ್ಲುಗಳು ಅವು. ಚಿಪ್ಪು, ಕಲ್ಲಿನ ಚೂರು ಏನನ್ನೂ ತರಬೇಡಿ.

ದೇವಸ್ಥಾನಗಳಲ್ಲಿ ಉಡುಪಿನ ನಿಯಮ ಹೇಗೆ?

ಗಂಡಸರು ಅಂಗಿ, ಬನಿಯನ್ ತೆಗೆಯುವ ಪದ್ಧತಿ ಇಲ್ಲಿ ಹಲವು ದೇವಸ್ಥಾನಗಳಲ್ಲಿದೆ. ಒಂದು ಶಾಲು ಜೊತೆಗಿದ್ದರೆ ಮುಜುಗರ ಇಲ್ಲ. ಚಡ್ಡಿ, ತೋಳಿಲ್ಲದ ಉಡುಪು ಬೇಡ. ಚರ್ಚು, ಬಸದಿ, ದರ್ಗಾಗಳಿಗೂ ಇಂಥ ಉಡುಪು ಬೇಡ. ಕದ್ರಿ ಮಂಜುನಾಥ ದೇವಸ್ಥಾನದಲ್ಲಿ 968ರ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಆಳುಪ ದೊರೆ ಕುಂದವರ್ಮನ ಶಾಸನ ಅದರ ಪೀಠದಲ್ಲಿದೆ. ದಕ್ಷಿಣ ಭಾರತದ ಬಹಳ ಒಳ್ಳೆಯ ಕಂಚಿನ ಶಿಲ್ಪಗಳಲ್ಲಿ ಒಂದು. ಬೇರೆ ಊರಿನಲ್ಲಾದರೆ ಇದು ಗಾಜಿನ ಪೆಟ್ಟಿಗೆಯೊಳಗೆ ಇರುತ್ತಿತ್ತು. ಇಲ್ಲಿ ದಿನಾ ಪೂಜೆ ನಡೆಯುತ್ತದೆ. ನೋಡಲು ಬಂದವರು ಕೈಮುಗಿಯಲು ಬಂದವರಿಗೆ ದಾರಿ ಬಿಡಬೇಕು, ಅಷ್ಟೇ.

ಭೂತಕೋಲ ನೋಡಬೇಕು. ಟಿಕೆಟ್ ಎಲ್ಲಿ ಸಿಗುತ್ತದೆ?

ಟಿಕೆಟ್ ಇಲ್ಲ, ಅದು ಪ್ರದರ್ಶನ ಅಲ್ಲ. ಒಂದು ಕುಟುಂಬದ, ಒಂದು ಊರಿನ ದೈವದ ಸೇವೆ ಅದು. ನ್ಯಾಯ ಕೇಳುವವರು, ಹರಕೆ ಹೊತ್ತವರು ಅಲ್ಲಿರುತ್ತಾರೆ. ಊರವರ ಪರಿಚಯದ ಮೂಲಕ ಹೋಗಿ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ನಡೆಯುತ್ತದೆ. ಮೇ ಕೊನೆಯ ವಾರದ ಪತ್ತನಾಜೆ ಎಂಬ ದಿನ ಕಳೆದ ಮೇಲೆ ಗಗ್ಗರ, ಅಂದರೆ ದೈವದ ಕಾಲ್ಕಡಗ, ಕಟ್ಟುವುದಿಲ್ಲ. ರಾತ್ರಿಯಿಡೀ ಇರುತ್ತದೆ. ಚಪ್ಪಲಿ ಕಳಚಿ ಕೂತುಕೊಳ್ಳಿ, ಫ್ಲ್ಯಾಶ್ ಹಾಕಬೇಡಿ, ದೈವ ಅಭಯ ಕೊಡುವ ಹೊತ್ತಿಗೆ ಮೊಬೈಲ್ ಎತ್ತಿ ಮುಂದೆ ನುಗ್ಗಬೇಡಿ. ದೈವದ ಮಾತನ್ನು ಅನುಕರಿಸಿ ವಿಡಿಯೊ ಮಾಡುವುದು ಇಲ್ಲಿಯವರಿಗೆ ನಿಜಕ್ಕೂ ನೋವು ಕೊಡುತ್ತದೆ.

ದೈವದ ಮೂರ್ತಿಗಳನ್ನು ಹತ್ತಿರದಿಂದ ನೋಡಬೇಕಾದರೆ ಬಾರ್ಕೂರು ಕಡೆಯ ಮೆಕ್ಕೆಕಟ್ಟಿಗೆ ಹೋಗಿ. ಕೆಂಪು ಬಣ್ಣದ ಮರದ ದೊಡ್ಡ ದೊಡ್ಡ ಬಿಂಬಗಳು. ಅಲ್ಲಿನ ಹಳೆಯ ಬಿಂಬಗಳು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ದೆಹಲಿಯಲ್ಲಿರುವ ನಮ್ಮವರು ಒಮ್ಮೆ ಹೋಗಿ ನೋಡಿ ಬನ್ನಿ.

ಚಿತ್ರಕಲಾ ಗ್ಯಾಲರಿಗಳು ಇಲ್ಲವಾ?

ಇವೆ, ಸದ್ದಿಲ್ಲದೆ ಕೆಲಸ ಮಾಡುತ್ತಿವೆ. ಮಂಗಳೂರಿನ ಬಲ್ಲಾಳ್‌ಬಾಗ್‌ನಲ್ಲಿ ಪ್ರಸಾದ್ ಆರ್ಟ್ ಗ್ಯಾಲರಿ ಇದೆ. ಅದೇ ಕಡೆ ಹಳೆಯ ಕೊಡಿಯಾಲ್‌ಗುತ್ತು ಮನೆಯಲ್ಲಿ ಇಂಟ್ಯಾಕ್‌ನವರು ಪ್ರದರ್ಶನ ನಡೆಸುತ್ತಾರೆ. ಆ ಮನೆಗಾಗಿಯೇ ಹೋಗಬಹುದು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ಹೆಸರಿನ ಕಲಾ ಗ್ಯಾಲರಿ ಮಣಿಪಾಲದಲ್ಲಿದೆ. ಪ್ರದರ್ಶನ ಇಲ್ಲದ ದಿನ ಖಾಲಿ ಗೋಡೆ ನೋಡಬೇಕಾದೀತು, ವಿಚಾರಿಸಿ ಹೋಗಿ.

ಕನ್ನಡ ಅಚ್ಚಿನ ಇತಿಹಾಸದಲ್ಲಿ ಆಸಕ್ತಿ ಇದೆ. ಮಂಗಳೂರಿನಲ್ಲಿ ಏನು ಉಳಿದಿದೆ?

ಸ್ವಿಟ್ಜರ್‌ಲ್ಯಾಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಮುದ್ರಣಾಲಯ ಶುರುವಾಯಿತು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ತಂದರು. ಆ ದಿನವನ್ನೇ ನಾವು ಪತ್ರಿಕಾ ದಿನ ಅಂತ ಆಚರಿಸುವುದು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಆ ಕಾಲದ ಪುಸ್ತಕ, ದಾಖಲೆಗಳ ಸಂಗ್ರಹ ಇದೆ. ಅದು ಸಂಶೋಧಕರ ಜಾಗ. ಮೊದಲೇ ಪತ್ರ ಬರೆದು, ಏನು ಬೇಕು ಅಂತ ಹೇಳಿ, ಅನುಮತಿ ಪಡೆದು ಹೋಗಬೇಕು.

ಇದೇ ಮಿಷನ್‌ನ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚಿನ ಕಥೆ ಅಲ್ಲಿಂದ ಶುರು. ಹಳೆಯ ಮನೆಯ ಹೆಂಚು ಇಳಿಸುವುದು ಕಂಡರೆ ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ.

ತುಳುನಾಡಿನ ಜನರ ದಿನಬಳಕೆಯ ವಸ್ತುಗಳನ್ನು ನೋಡಬೇಕಾದರೆ ಬಿ.ಸಿ. ರೋಡ್‌ನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೆ ಹೋಗಿ. ಪ್ರೊ. ತುಕಾರಾಮ ಪೂಜಾರಿ ಕಟ್ಟಿದ ಸಂಗ್ರಹ. ನೇಗಿಲು, ಸೇರು, ದೀಪ, ಅಡುಗೆಮನೆಯ ಪಾತ್ರೆಗಳು. ಸರ್ಕಾರಿ ಮ್ಯೂಸಿಯಂಗಳಲ್ಲಿ ರಾಜರ ಕತ್ತಿ ಸಿಗುತ್ತದೆ, ಉಳುವವರ ಕತ್ತಿ ಸಿಗುವುದು ಇಂಥ ಕಡೆ. ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರ ಬಾಲವನವೂ ಇದೇ ದಿಕ್ಕಿನ ಪ್ರವಾಸಕ್ಕೆ ಸೇರುತ್ತದೆ.

ಉತ್ತರ ಕನ್ನಡಕ್ಕೆ ಎಷ್ಟು ದಿನ ಬೇಕು?

ಮೂರು ದಿನ ಇದ್ದರೆ ನೆಮ್ಮದಿ. ದಕ್ಷಿಣದಿಂದ ಬಂದರೆ ಮೊದಲು ಭಟ್ಕಳ. ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ 16ನೇ ಶತಮಾನದ್ದು, ಒಬ್ಬ ವ್ಯಾಪಾರಿ ಕಟ್ಟಿಸಿದ್ದು. ಮಾಡಿಗೆ ಹಲಗೆಯ ಹಾಗೆ ಕಲ್ಲು ಹೊದಿಸಿದ್ದಾರೆ, ಹೊರಗೋಡೆಯಲ್ಲಿ ಪುರಾಣದ ಕಥೆಗಳು. ಊರಿನ ಜೈನ ಬಸದಿಯನ್ನೂ ನೋಡಿ.

ಆಮೇಲೆ ಗೇರುಸೊಪ್ಪೆ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಊರು. ಶರಾವತಿ ತೀರದ ಕಾಡಿನ ನಡುವೆ ಅಲ್ಲಿನ ಚತುರ್ಮುಖ ಬಸದಿ ನಿಂತಿದೆ. ಸುತ್ತ ಒಂದು ಪಟ್ಟಣವೇ ಇತ್ತು, ಈಗ ಮರಗಳು. ನಮ್ಮ ಕರಾವಳಿಯಲ್ಲಿ ನನ್ನ ಮನಸ್ಸಿಗೆ ಇಷ್ಟು ಹತ್ತಿರವಾದ ಇನ್ನೊಂದು ಜಾಗ ಇಲ್ಲ. ಒಬ್ಬರೇ ಹೋಗಬೇಡಿ, ದಾರಿಯನ್ನು ಊರಲ್ಲೇ ಕೇಳಿ, ಕತ್ತಲಾಗುವ ಮೊದಲು ವಾಪಸ್ ಬನ್ನಿ. ತಿಂಡಿ, ನೀರು ಜೊತೆಗಿರಲಿ, ಪ್ಲಾಸ್ಟಿಕ್ ಅಲ್ಲಿ ಬಿಡಬೇಡಿ.

ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ಮುರಕಲ್ಲಿನದ್ದು. ಪುರಾತತ್ವ ಇಲಾಖೆಯವರು ಇಲ್ಲಿ ಅಗೆದಾಗ ಪೋರ್ಚುಗೀಸರ ಚಿನ್ನದ ನಾಣ್ಯ ಸಿಕ್ಕಿತ್ತು. ಅಘನಾಶಿನಿಯ ದಡದ ಈ ಕೋಟೆಯಿಂದ ಮೆಣಸು ಹಡಗು ಹತ್ತುತ್ತಿತ್ತು. ಮಳೆ ನಿಂತ ಕೂಡಲೇ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಹೋದರೆ ಗೋಡೆಗಳೆಲ್ಲ ಹಸಿರು. ಬಾವಿಗಳ ಕಟ್ಟೆ ಹತ್ತಬೇಡಿ.

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಮ್ಯೂಸಿಯಂ ಆಗಿ ನಿಂತಿದೆ. ಒಳಗೆ ಇಳಿದು ನಾವಿಕರು ಎಷ್ಟು ಇಕ್ಕಟ್ಟಿನಲ್ಲಿ ಬದುಕುತ್ತಿದ್ದರು ಅಂತ ನೋಡಬಹುದು. ಪಕ್ಕದಲ್ಲಿ ನೌಕಾಪಡೆಯ ಟುಪೊಲೆವ್ ವಿಮಾನವೂ ಇದೆ. ನೌಕಾನೆಲೆ ಹತ್ತಿರ ಇರುವುದರಿಂದ ಡ್ರೋನ್ ಹಾರಿಸುವ ಯೋಚನೆಯೇ ಬೇಡ.

ಫೋಟೋ, ವಿಡಿಯೊಗೆ ಅನುಮತಿ ಬೇಕಾ?

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಮೊಬೈಲ್ ಫೋಟೋಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಟ್ರೈಪಾಡ್, ಡ್ರೋನ್, ಮದುವೆ ಶೂಟ್‌ಗೆ ಅನುಮತಿ ಬೇಕು. ಗರ್ಭಗುಡಿ, ಚಾಪೆಲ್ ಒಳಗೆ ಕೇಳದೆ ತೆಗೆಯಬೇಡಿ. ಬಣ್ಣದ ಚಿತ್ರ, ತಾಳೆಗರಿಗಳ ಮುಂದೆ ಫ್ಲ್ಯಾಶ್ ಬೇಡವೇ ಬೇಡ, ಬೆಳಕಿಗೆ ಬಣ್ಣ ಮಾಸುತ್ತದೆ.

ವಯಸ್ಸಾದವರ ಜೊತೆ ಬರುತ್ತೇವೆ. ಬಸ್ಸು ಸಾಕಾ, ಕಾರು ಬೇಕಾ?

ಮಂಗಳೂರು, ಮೂಡುಬಿದಿರೆ, ಕಾರ್ಕಳ, ಉಡುಪಿ ನಡುವೆ ಖಾಸಗಿ ಬಸ್ಸು ಬೇಕಾದಷ್ಟಿವೆ. ಎಕ್ಸ್‌ಪ್ರೆಸ್ ಅಥವಾ ಸರ್ವಿಸ್ ಅಂತ ಕೇಳಿ ಹತ್ತಿ, ಸರ್ವಿಸ್ ಬಸ್ಸು ಎಲ್ಲ ಕಡೆ ನಿಲ್ಲುತ್ತದೆ. ಸ್ಟೇಟ್ ಬ್ಯಾಂಕ್ ಅಂತ ಕಂಡಕ್ಟರ್ ಕೂಗಿದರೆ ಅದು ಮಂಗಳೂರಿನ ಬಸ್ ನಿಲ್ದಾಣ. ಹಿರಿಯರಿದ್ದರೆ ಕಾರೇ ವಾಸಿ. ಚಾಪೆಲ್, ಬೆಜೈ ಮ್ಯೂಸಿಯಂ, ಸಾವಿರ ಕಂಬದ ಬಸದಿ ಅವರಿಗೆ ಹೆಚ್ಚು ಕಷ್ಟವಲ್ಲ. ಕಾರ್ಕಳದ ಬೆಟ್ಟಕ್ಕೆ ಮೆಟ್ಟಿಲು ಬಿಟ್ಟರೆ ವಾಹನದ ದಾರಿಯೂ ಇದೆ. ಬಸದಿಗಳ ಹೊಸ್ತಿಲು ಎತ್ತರ, ಒಳಗೆ ಕತ್ತಲೆ, ಕೈಹಿಡಿದು ಕರೆದುಕೊಂಡು ಹೋಗಿ.

ಕಾಸರಗೋಡನ್ನೂ ಸೇರಿಸಬಹುದಾ?

ಸೇರಿಸಲೇಬೇಕು. 1956ರ ನವೆಂಬರ್ 1ರವರೆಗೆ ಅದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದ್ದೇ ಭಾಗ. ಬೇಕಲ ಕೋಟೆಯನ್ನು ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ. ದಾರಿಯಲ್ಲಿ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಅವರ ಮನೆ ಗಿಳಿವಿಂಡು ಎಂಬ ಸ್ಮಾರಕವಾಗಿದೆ. ಅಲ್ಲಿಗೆ ಕನ್ನಡಿಗರು ಹೋಗಬೇಕು. ನಾವೇ ಹೋಗದಿದ್ದರೆ ಇನ್ಯಾರು ಹೋಗುತ್ತಾರೆ, ಅಲ್ವಾ?

ನಮ್ಮ ಅಟ್ಟದಲ್ಲಿ ತಾಳೆಗರಿ, ಹಳೆಯ ವಿಗ್ರಹ ಇದೆ. ಮ್ಯೂಸಿಯಂಗೆ ಕೊಡಬೇಕಾ?

ಮ್ಯೂಸಿಯಂ ನೋಡಿ ಬಂದವರು ಈ ಪ್ರಶ್ನೆ ಕೇಳಿದಾಗ ನನಗೆ ತುಂಬಾ ಖುಷಿ. ಕೊಡಲೇಬೇಕು ಅಂತಿಲ್ಲ. ಮೊದಲು ಹಾಳುಮಾಡದಿರಿ. ಗರಿಗಳನ್ನು ಬಿಸಿಲಿಗೆ ಹಾಕಬೇಡಿ, ಅಂಟುಪಟ್ಟಿ ಹಚ್ಚಬೇಡಿ, ಸೀಮೆಎಣ್ಣೆ ಒರೆಸಬೇಡಿ. ಪುಣ್ಯ ಬರುತ್ತದೆಂದು ನದಿಗೆ ಬಿಡಬೇಡಿ, ಹೀಗೆ ಹೋದ ಗ್ರಂಥಗಳು ಲೆಕ್ಕವಿಲ್ಲದಷ್ಟು. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಕಡೆ ಇಟ್ಟು, ಓದಬಲ್ಲವರಿಗೆ ತೋರಿಸಿ. ಈಗ ಹಲವು ಸಂಸ್ಥೆಗಳು ಸ್ಕ್ಯಾನ್ ಮಾಡಿಕೊಂಡು ಮೂಲವನ್ನು ನಿಮಗೇ ವಾಪಸ್ ಕೊಡುತ್ತವೆ.

1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಕಲಾವಸ್ತುಗಳು ಪ್ರಾಚ್ಯವಸ್ತುಗಳು. ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷ. ಇವುಗಳಲ್ಲಿ ಕೆಲವು ಬಗೆಯವನ್ನು ಪುರಾತತ್ವ ಇಲಾಖೆಯಲ್ಲಿ ನೋಂದಾಯಿಸಬೇಕು. ತೋಟ ಅಗೆಯುವಾಗ ನಾಣ್ಯದ ಗಡಿಗೆ, ವಿಗ್ರಹ ಸಿಕ್ಕರೆ ತಹಶೀಲ್ದಾರರಿಗೆ ತಿಳಿಸಿ, ನಿಧಿಯ ಬಗ್ಗೆ ಬೇರೆಯೇ ಕಾನೂನಿದೆ. ಹಳೆಯ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ವಿದೇಶದಲ್ಲಿರುವ ಮಗ ಅಜ್ಜನ ನೆನಪಿಗೆಂದು ಕೇಳಿದರೂ ಸೂಟ್‌ಕೇಸಿನಲ್ಲಿ ಇಡಬೇಡಿ, ಒಳ್ಳೆಯ ಫೋಟೋ ತೆಗೆದು ಕಳಿಸಿ.